ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕೇ ಬೇಡವೇ: ಸಹಿ ಹಾಕುವ ಮುನ್ನ ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಎಕ್ಸ್‌ಟೆಂಡೆಡ್ ವಾರಂಟಿಯ, ಅಂದರೆ ಕಂಪನಿಯ ವಾರಂಟಿ ಮುಗಿದ ಮೇಲೂ ರಿಪೇರಿಯ ಖರ್ಚು ಹೊರುವಂತೆ ಹಣ ಕೊಟ್ಟು ಕೊಳ್ಳುವ ಕರಾರಿನ, ವಿಷಯದಲ್ಲಿ ಜನ ಮತ್ತೆ ಮತ್ತೆ ಎಡವುವುದು ಒಂದೇ ಕಡೆ. ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಎಷ್ಟು ವರ್ಷ ಎಂದು ಕೇಳುತ್ತಾರೆ, ಸಹಿ ಹಾಕುತ್ತಾರೆ. ಕರಾರುಪತ್ರವನ್ನು ಬಿಡಿಸಿ ಓದುವುದು ಕಾರು ಕೆಟ್ಟು ನಿಂತ ದಿನ. ಅಂದು ಅದರಲ್ಲಿ ಕಾಣುವುದೆಲ್ಲ ಕೆಟ್ಟ ಸುದ್ದಿಯೇ. ಈ ಕ್ರಮವನ್ನು ತಲೆಕೆಳಗು ಮಾಡಬೇಕು: ಮೊದಲು ದಿನಾಂಕ, ಆಮೇಲೆ ಕಾರು, ಆಮೇಲೆ ಕರಾರು, ಕಟ್ಟಕಡೆಗೆ ಬೆಲೆ.

ಹೊರಡುವ ಮುನ್ನ ಒಂದು ಸರಳ ಸತ್ಯವನ್ನು ಒಪ್ಪಿಕೊಳ್ಳೋಣ. ವಾರಂಟಿ ಮಾರುವವರು ಎಲ್ಲರಿಂದ ಕೂಡಿಸಿದ ಹಣದಲ್ಲಿ ರಿಪೇರಿಯ ಖರ್ಚು, ಮಾರಿದವರ ಕಮಿಷನ್, ಕಚೇರಿಯ ವೆಚ್ಚ, ತಮ್ಮ ಲಾಭ ಎಲ್ಲವೂ ಹೊರಡಬೇಕು. ಆದ್ದರಿಂದ ಕೊಂಡವರನ್ನೆಲ್ಲ ಒಟ್ಟಾಗಿ ನೋಡಿದರೆ, ಕಟ್ಟಿದ್ದಕ್ಕಿಂತ ಕಡಿಮೆಯೇ ಅವರಿಗೆ ಹಿಂದಿರುಗುತ್ತದೆ. ಇದು ಮೋಸವಲ್ಲ, ವ್ಯಾಪಾರ. ಹಾಗಿದ್ದೂ ಕೊಳ್ಳಬೇಕಾದರೆ ಎರಡರಲ್ಲಿ ಒಂದು ಕಾರಣವಾದರೂ ಇರಬೇಕು. ಒಂದೇ ಒಂದು ದೊಡ್ಡ ರಿಪೇರಿ ಬಿಲ್ಲು ನಿಮ್ಮ ಮನೆಯ ಲೆಕ್ಕವನ್ನು ಬುಡಮೇಲು ಮಾಡುವಂತಿರಬೇಕು. ಇಲ್ಲವೇ ನಿಮ್ಮ ಕಾರು ಸರಾಸರಿಗಿಂತ ಹೆಚ್ಚು ಕೈಕೊಡುವ ಜಾತಿಯದಾಗಿರಬೇಕು. ಎರಡೂ ಇಲ್ಲವೆಂದರೆ ಕೊಳ್ಳಬೇಡಿ. ಎರಡರಲ್ಲಿ ಯಾವುದಾದರೂ ಇದೆಯೇ ಎಂದು ಪತ್ತೆ ಹಚ್ಚುವುದಕ್ಕೇ ಕೆಳಗಿನ ಹಂತಗಳು.

## ಕೂರುವ ಮುನ್ನ ಕೈಯಲ್ಲಿರಬೇಕಾದವು

ಕಾರಿನೊಂದಿಗೆ ಬಂದ ವಾರಂಟಿ ಪುಸ್ತಿಕೆ. ಕಾರು ಮೊದಲ ಬಾರಿಗೆ ಮಾರಾಟವಾದ ದಿನಾಂಕವಿರುವ ದಾಖಲೆ. ಇಲ್ಲಿಯವರೆಗಿನ ಸರ್ವಿಸ್ ಬಿಲ್ಲುಗಳು. ಓಡೋಮೀಟರಿನ ಇಂದಿನ ಅಂಕಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳಲು ಹೊರಟಿರುವ ವಾರಂಟಿಯ ಪೂರ್ಣ ಕರಾರುಪತ್ರ. ಬಣ್ಣದ ಚಿತ್ರಗಳಿರುವ ಎರಡು ಪುಟದ ಕರಪತ್ರ ಕರಾರಲ್ಲ. ಅದರಲ್ಲಿ ಬರೆದಿರುವುದು ನಾಳೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಹಣ ಕಟ್ಟಿದ ಮೇಲೆಯೇ ಕರಾರುಪತ್ರ ಬರುತ್ತದೆ ಎಂದರೆ ಈ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮಾದರಿ ಪ್ರತಿ ಕೊಡುವಂತೆ ಕೇಳಿ. ಅದನ್ನೂ ಕೊಡದವರ ಜೊತೆ ಮುಂದುವರಿಯುವ ಅಗತ್ಯವೇ ಇಲ್ಲ.

## ಹಂತ 1: ಕಂಪನಿಯ ವಾರಂಟಿ ನಿಜವಾಗಿ ಎಂದು ಮುಗಿಯುತ್ತದೆ?

ಕಾರು ತಯಾರಕರ ವಾರಂಟಿಗೆ ಸಾಮಾನ್ಯವಾಗಿ ಎರಡು ಗಡಿಗಳಿರುತ್ತವೆ, ವರ್ಷ ಮತ್ತು ಕಿಲೋಮೀಟರ್. ಯಾವುದು ಮೊದಲು ಬರುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಹೆಚ್ಚಿನವರು ವರ್ಷವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಮೊದಲ ತಪ್ಪು ಅದೇ.

ಒಂದು ಕಾರಿಗೆ 3 ವರ್ಷ ಅಥವಾ 1,00,000 ಕಿಲೋಮೀಟರ್ ವಾರಂಟಿ ಇದೆ ಎಂದುಕೊಳ್ಳಿ. ಅದನ್ನು 5 ವರ್ಷ ಅಥವಾ 1,20,000 ಕಿಲೋಮೀಟರಿಗೆ ವಿಸ್ತರಿಸುವ ಯೋಜನೆಯೊಂದು ಎದುರಿಗಿದೆ. ತಿಂಗಳಿಗೆ 4,000 ಕಿಲೋಮೀಟರ್ ಓಡಿಸುವವರಿಗೆ ಮೂಲ ವಾರಂಟಿ 25 ತಿಂಗಳಿಗೇ ಮುಗಿಯುತ್ತದೆ, ವಿಸ್ತರಿಸಿದ್ದು 30ನೇ ತಿಂಗಳಿಗೆ. ಅಂದರೆ ಎರಡು ವರ್ಷದ ಹಣ ಕೊಟ್ಟು ಅವರು ಕೊಂಡದ್ದು ಐದು ತಿಂಗಳು. ತಿಂಗಳಿಗೆ 500 ಕಿಲೋಮೀಟರ್ ಓಡಿಸುವವರಿಗೆ ಅದೇ ಯೋಜನೆಯಲ್ಲಿ ಪೂರ್ತಿ ಎರಡು ವರ್ಷ ಸಿಗುತ್ತದೆ, ಆದರೆ ಅಷ್ಟು ಕಡಿಮೆ ಓಡಿದ ಕಾರಿನಲ್ಲಿ ಗೇರ್‌ಬಾಕ್ಸ್ ಸವೆದು ಹೋಗುವ ಸಂಭವವೂ ಕಡಿಮೆ. ನಿಮ್ಮ ತಿಂಗಳ ಓಟವನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ, ಬಂದ ತಿಂಗಳುಗಳ ಸಂಖ್ಯೆಯನ್ನು ಒಂದು ಕಾಗದದ ಮೇಲೆ ಬರೆದಿಡಿ. ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಬುನಾದಿ.

ಇನ್ನೊಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲೇಬೇಕು: ಹೊಸ ವಾರಂಟಿ ಶುರುವಾಗುವುದು ಎಂದಿನಿಂದ? "ಐದು ವರ್ಷದ ರಕ್ಷಣೆ" ಎಂದು ಮಾರುವ ಕೆಲವು ಯೋಜನೆಗಳಲ್ಲಿ ಎಣಿಕೆ ಕಾರು ಮಾರಾಟವಾದ ದಿನದಿಂದಲೇ ಶುರುವಾಗಿರುತ್ತದೆ. ಮೊದಲ ಮೂರು ವರ್ಷ ಹೇಗೂ ಕಂಪನಿಯದೇ ರಕ್ಷಣೆ, ಉಳಿಯುವುದು ಎರಡು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇನ್ನೂ ಎಚ್ಚರದಿಂದಿರಬೇಕು: ಕಂಪನಿಯ ವಾರಂಟಿಯ ಗಡಿಯಾರ ಓಡುವುದು ಕಾರು ಮೊದಲ ಮಾಲೀಕನ ಕೈ ಸೇರಿದ ದಿನದಿಂದ, ನೀವು ಕೊಂಡ ದಿನದಿಂದಲ್ಲ.

ವಿದ್ಯುತ್ ಕಾರಿನವರಿಗೆ ಒಂದು ಮಾತು. ಬ್ಯಾಟರಿಗೆ ಬೇರೆಯದೇ ವಾರಂಟಿ ಇರುತ್ತದೆ. ಹಲವು ತಯಾರಕರು 8 ವರ್ಷ ಅಥವಾ 1,60,000 ಕಿಲೋಮೀಟರ್ ಕೊಡುತ್ತಾರೆ. ಬ್ಯಾಟರಿಯ ಭಯ ತೋರಿಸಿ ಯಾರಾದರೂ ಎಕ್ಸ್‌ಟೆಂಡೆಡ್ ವಾರಂಟಿ ಮಾರಲು ಬಂದರೆ, ಆ ಭಯಕ್ಕೆ ಈಗಾಗಲೇ ರಕ್ಷಣೆ ಇದೆಯೇ ಎಂದು ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

## ಹಂತ 2: ಕಾರನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ?

ಮೂಲ ವಾರಂಟಿಯ ಅವಧಿಯೊಳಗೇ ಕಾರು ಬದಲಿಸುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಮೂಲ ವಾರಂಟಿ ಮುಗಿಯುವ ಹೊತ್ತಿಗೆ ಕಾರು ನಿಮ್ಮ ಬಳಿ ಇರುವುದಿಲ್ಲ. ಕೊಳ್ಳುವವರಿಗೆ ವಾರಂಟಿ ವರ್ಗಾವಣೆ ಆಗುತ್ತದೆ, ಮರುಮಾರಾಟದ ಬೆಲೆ ಏರುತ್ತದೆ ಎಂದು ಡೀಲರ್ ಹೇಳುತ್ತಾರೆ. ವರ್ಗಾವಣೆಗೆ ಶುಲ್ಕ ಎಷ್ಟು, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು, ಕಾರನ್ನು ವ್ಯಾಪಾರಿಯೊಬ್ಬರಿಗೆ ಮಾರಿದರೂ ವರ್ಗಾವಣೆ ನಡೆಯುತ್ತದೆಯೇ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ಎಷ್ಟೋ ಸಲ "ಇಲ್ಲ".

## ಹಂತ 3: ನಿಮ್ಮ ಕಾರಿನಲ್ಲಿ ದುಬಾರಿಯಾದದ್ದು ಏನಿದೆ?

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ವಾರಂಟಿ ಯೋಗ್ಯವೋ ಅಲ್ಲವೋ ಎಂಬುದನ್ನು ಅರ್ಧಕ್ಕರ್ಧ ನಿರ್ಧರಿಸುವುದು ಬಾನೆಟ್ಟಿನ ಕೆಳಗಿರುವ ವಸ್ತುಗಳೇ.

ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್, ಕೈಯಿಂದ ಬದಲಿಸುವ ಗೇರು, ಸಾಮಾನ್ಯ ಸಸ್ಪೆನ್ಶನ್, ಪುಟ್ಟ ಪರದೆ. ಇಂಥ ಕಾರಿನಲ್ಲಿ ಒಂದೇ ಏಟಿಗೆ ಜೇಬು ಖಾಲಿ ಮಾಡುವ ಭಾಗಗಳು ಬೆರಳೆಣಿಕೆಯಷ್ಟು. ಇದಕ್ಕೆ ಪ್ರತಿಯಾಗಿ ಕೆಳಗಿನವುಗಳಲ್ಲಿ ಎರಡು ಮೂರು ಒಟ್ಟಿಗಿದ್ದರೆ ಕಥೆಯೇ ಬೇರೆ:

- ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚುಗಳಿಂದ ತಾನಾಗಿ ಗೇರು ಬದಲಿಸುವ) ಅಥವಾ ಸಿವಿಟಿ (ಬೆಲ್ಟಿನ ಮೂಲಕ ಗೇರಿನ ಹಂತಗಳಿಲ್ಲದೆ ನಡೆಯುವ) ಗೇರ್‌ಬಾಕ್ಸ್. ಡ್ಯುಯಲ್ ಕ್ಲಚ್‌ನಲ್ಲಿ ಗೇರು ಬದಲಿಸುವ ಮೆಕಾಟ್ರಾನಿಕ್ ಘಟಕ, ಸಿವಿಟಿಯಲ್ಲಿ ಬೆಲ್ಟು ಅಥವಾ ಎಣ್ಣೆಯ ಒತ್ತಡ ನಿಯಂತ್ರಿಸುವ ವಾಲ್ವ್ ಬಾಡಿ ಕೆಟ್ಟರೆ ಬಿಡಿಯಾಗಿ ದುರಸ್ತಿ ಮಾಡದೆ ಇಡೀ ಘಟಕವನ್ನೇ ಬದಲಿಸಲು ಹೇಳುವುದುಂಟು.
- ಟರ್ಬೊ, ಅಧಿಕ ಒತ್ತಡದ ಇಂಧನ ಪಂಪು, ಇಂಜೆಕ್ಟರುಗಳು. ಆಧುನಿಕ ಡೀಸೆಲ್ ಎಂಜಿನ್ನುಗಳಲ್ಲಿ ಇದರ ಜೊತೆಗೆ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್.
- ಗಾಳಿಯ ಒತ್ತಡದ ಮೇಲೆ ನಿಲ್ಲುವ ಏರ್ ಸಸ್ಪೆನ್ಶನ್.
- ವಿದ್ಯುತ್ ಪವರ್ ಸ್ಟಿಯರಿಂಗ್ ರ‍್ಯಾಕ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ) ಮಾಡ್ಯೂಲ್, ರಾಡಾರ್ ಮತ್ತು ಕ್ಯಾಮೆರಾಗಳು, ದೊಡ್ಡ ಟಚ್‌ಸ್ಕ್ರೀನ್.

ಈಗ ಇದೇ ಮಾದರಿಯ ಕಾರುಗಳನ್ನು ದಿನವೂ ಬಿಚ್ಚುವ, ವಾರಂಟಿ ಮಾರದ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. "ಈ ಕಾರು ಒಳ್ಳೆಯದೇ?" ಎಂದು ಕೇಳಬೇಡಿ, ಹೌದೆಂದೋ ಅಲ್ಲವೆಂದೋ ಬರುವ ಉತ್ತರದಿಂದ ನಿಮಗೇನೂ ತಿಳಿಯುವುದಿಲ್ಲ. "ಈ ಮಾದರಿಯ ಕಾರುಗಳು ನಾಲ್ಕನೇ ವರ್ಷ ದಾಟಿದ ಮೇಲೆ ನಿಮ್ಮಲ್ಲಿಗೆ ಯಾವ ಯಾವ ದೂರು ಹೊತ್ತು ಬರುತ್ತವೆ? ಅದಕ್ಕೆ ಬಿಡಿಭಾಗ ಎಷ್ಟು, ಕೂಲಿ ಎಷ್ಟು?" ಎಂದು ಕೇಳಿ. ಅತಿ ದುಬಾರಿಯಾದ ಮೂರು ರಿಪೇರಿಗಳ ಅಂದಾಜು ಬೆಲೆಯನ್ನು ಬರೆಸಿಕೊಳ್ಳಿ. ಎಂಜಿನ್ನು ಅಥವಾ ಗೇರ್‌ಬಾಕ್ಸು ಮಾರುಕಟ್ಟೆಗೆ ಹೊಸದಾಗಿದ್ದು, ಇನ್ನೂ ಯಾರ ಕಾರೂ ಹಳೆಯದಾಗಿಲ್ಲ ಎಂದರೆ ಅನಿಶ್ಚಿತತೆ ಹೆಚ್ಚು. ವಾರಂಟಿಯ ಪಕ್ಷಕ್ಕೆ ಒಂದು ಅಂಕ ಕೊಡಿ.

ಕಾಲದ ಲೆಕ್ಕವೂ ಇದೆ. ತಯಾರಿಕೆಯ ದೋಷಗಳು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳುಗಳಲ್ಲೇ ತಲೆ ಎತ್ತುತ್ತವೆ. ಆಮೇಲೆ ಒಂದು ಶಾಂತ ಅವಧಿ. ಅದರ ನಂತರ ವಯಸ್ಸಿನ ಸವಕಳಿ ಶುರು. ಮೊದಲನೆಯದನ್ನು ಕಂಪನಿಯ ವಾರಂಟಿ ನೋಡಿಕೊಳ್ಳುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಹೆಚ್ಚಾಗಿ ಕೂರುವುದು ಮಧ್ಯದ ಶಾಂತ ಅವಧಿಯಲ್ಲಿ. ರಿಪೇರಿಗಳು ನಿಜಕ್ಕೂ ಏರತೊಡಗುವ ವಯಸ್ಸಿಗೆ ಬಂದ ಕಾರಿಗೆ ವಾರಂಟಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಮಾರುವವರಿಗೂ ಈ ಲೆಕ್ಕ ಚೆನ್ನಾಗಿಯೇ ಗೊತ್ತು.

## ಹಂತ 4: ಕರಾರಿನ ಹಿಂದೆ ಯಾರಿದ್ದಾರೆ?

ನಿಮಗೆ ಕರಾರು ಮಾರುವವರು, ಕ್ಲೇಮನ್ನು (ರಿಪೇರಿಯ ಖರ್ಚು ಕೊಡಿ ಎಂಬ ನಿಮ್ಮ ಬೇಡಿಕೆಯನ್ನು) ಒಪ್ಪುವ ಅಥವಾ ತಿರಸ್ಕರಿಸುವವರು, ಕೊನೆಗೆ ಹಣ ಕೊಡುವವರು ಮೂವರೂ ಬೇರೆ ಬೇರೆಯಾಗಿರಬಹುದು. ಮೂವರ ಹೆಸರನ್ನೂ ಕರಾರುಪತ್ರದಲ್ಲಿ ಹುಡುಕಿ ಗೆರೆ ಎಳೆಯಿರಿ. ಹಣ ಕೊಡುವವರ ಹೆಸರೇ ಸಿಗದಿದ್ದರೆ ಅದು ಕೆಂಪು ದೀಪ.

ಕಾರು ತಯಾರಕರೇ ಕೊಡುವ ವಿಸ್ತರಣೆಗೆ ನನ್ನ ಮೊದಲ ಮತ. ರಿಪೇರಿ ಯಾವ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬೇಕಾದರೂ ನಡೆಯುತ್ತದೆ, ಬಿಲ್ಲನ್ನು ಅವರವರೇ ತೀರಿಸಿಕೊಳ್ಳುತ್ತಾರೆ. ಹೊರಗಿನ ಸಂಸ್ಥೆಯ ವಾರಂಟಿ ಅಗ್ಗವಾಗಿರಬಹುದು, ಅದರೊಳಗೂ ಒಳ್ಳೆಯವಿವೆ. ಆದರೆ ಎಷ್ಟೋ ಕಡೆ ನೀವು ಮೊದಲು ಕೈಯಿಂದ ಹಣ ಕಟ್ಟಿ, ಆಮೇಲೆ ಮರುಪಾವತಿಗೆ ಓಡಾಡಬೇಕು. ದೊಡ್ಡ ಬಿಲ್ಲನ್ನು ಒಮ್ಮೆಗೇ ಕಟ್ಟಲಾರೆ ಎಂಬ ಕಾರಣಕ್ಕೇ ವಾರಂಟಿ ಕೊಂಡವರಿಗೆ ಇದು ವಿಚಿತ್ರ ಶಿಕ್ಷೆ. ಒಬ್ಬ ಡೀಲರ್ ಮಾತ್ರ ಕೊಡುವ, ಅವರ ಅಂಗಡಿಯಲ್ಲೇ ನಡೆಯುವ ವಾರಂಟಿಯಾದರೆ, ನೀವು ಊರು ಬದಲಿಸಿದರೆ ಅಥವಾ ಅವರು ಬಾಗಿಲು ಮುಚ್ಚಿದರೆ ಏನು ಎಂಬುದಕ್ಕೆ ಬರಹದಲ್ಲಿ ಉತ್ತರ ಬೇಕು.

## ಹಂತ 5: "ಒಳಗೊಂಡಿಲ್ಲ" ಎಂಬ ಪುಟವನ್ನು ಮೊದಲು ಓದಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ.

ಕರಾರುಗಳು ಎರಡು ಬಗೆ. ಒಂದರಲ್ಲಿ ರಕ್ಷಣೆ ಇರುವ ಭಾಗಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ರಕ್ಷಣೆ ಇಲ್ಲ. ಇನ್ನೊಂದರಲ್ಲಿ ರಕ್ಷಣೆ ಇಲ್ಲದವುಗಳ ಪಟ್ಟಿ ಇರುತ್ತದೆ, ಉಳಿದದ್ದಕ್ಕೆಲ್ಲ ಇದೆ. ಎರಡನೆಯದು ದುಬಾರಿಯಾದರೂ ಕೊಳ್ಳುವವರಿಗೆ ಅದೇ ಹಿತ. ಮೊದಲನೆಯ ಬಗೆಯಲ್ಲಿ ಮಾರುದ್ದದ ಪಟ್ಟಿ ನೋಡಿ ಮರುಳಾಗಬೇಡಿ. ಎಂಜಿನ್ನಿನ ಒಳಗಿನ ಇಪ್ಪತ್ತು ಭಾಗಗಳನ್ನು ಬಿಡಿ ಬಿಡಿಯಾಗಿ ಹೆಸರಿಸಿ ಪುಟ ತುಂಬಿಸುವುದು ಸುಲಭ. ಅವು ಕೆಡುವುದೇ ಅಪರೂಪ. ಹಂತ 3ರಲ್ಲಿ ಬರೆದುಕೊಂಡ ಮೂರು ರಿಪೇರಿಗಳು ಆ ಪಟ್ಟಿಯಲ್ಲಿವೆಯೇ ಎಂದಷ್ಟೇ ನೋಡಿ.

ಸವೆಯುವ ವಸ್ತುಗಳು ಎಲ್ಲ ಕಡೆಯೂ ಹೊರಗೇ: ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಟೈರು, ವೈಪರ್, ಫಿಲ್ಟರುಗಳು, ಬಲ್ಬು, 12 ವೋಲ್ಟಿನ ಬ್ಯಾಟರಿ. ಇದರಲ್ಲಿ ತಕರಾರಿಲ್ಲ. ತಕರಾರು ಹುಟ್ಟುವುದು ಗಡಿಯಲ್ಲಿರುವ ವಸ್ತುಗಳಲ್ಲಿ. ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟು, ಆಯಿಲ್ ಸೀಲು, ಗ್ಯಾಸ್ಕೆಟ್ಟು ಇವು ಸವಕಳಿಯೋ ಕೆಡುಕೋ? ಹಳೆಯ ಕಾರಿನಲ್ಲಿ ಎಣ್ಣೆ ಸೋರುವುದು ಸೀಲಿನಿಂದಲೇ. ಈ ಹೆಸರುಗಳನ್ನು ಒಂದೊಂದಾಗಿ ಕರಾರಿನಲ್ಲಿ ಹುಡುಕಿ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದಿದ್ದರೆ ಇಮೇಲ್ ಮೂಲಕ ಕೇಳಿ, ಉತ್ತರವನ್ನು ಕಾಪಿಟ್ಟುಕೊಳ್ಳಿ.

ಅದಕ್ಕಿಂತ ಅಪಾಯಕಾರಿಯಾದದ್ದು ಪರಿಣಾಮದ ಹಾನಿಯ, ಅಂದರೆ ಒಂದು ಭಾಗ ಕೆಟ್ಟದ್ದರಿಂದ ಇನ್ನೊಂದಕ್ಕೆ ಆಗುವ ಹಾನಿಯ, ಷರತ್ತು. ಅದು ಕೆಲಸ ಮಾಡುವ ರೀತಿಯನ್ನು ಹತ್ತಿರದಿಂದ ನೋಡೋಣ. ಎಂಜಿನ್ನಿನ ನೀರಿನ ಪಂಪಿನ ಸೀಲು ಬಿಟ್ಟುಕೊಟ್ಟು ಎಂಜಿನ್ನನ್ನು ತಂಪಾಗಿಡುವ ದ್ರವ, ಕೂಲೆಂಟ್, ಸೋರುತ್ತದೆ. ಉಷ್ಣತೆಯ ಮುಳ್ಳು ಮೇಲೇರುತ್ತದೆ, ಕೆಂಪು ದೀಪ ಹತ್ತುತ್ತದೆ. ಇನ್ನು ಮೂರೇ ಕಿಲೋಮೀಟರ್ ಎಂದು ಚಾಲಕ ಮನೆಯವರೆಗೆ ಓಡಿಸುತ್ತಾರೆ. ಆ ಮೂರು ಕಿಲೋಮೀಟರಿನಲ್ಲಿ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಕಾದು ಸೊಟ್ಟಗಾಗುತ್ತದೆ, ಅದರ ಕೆಳಗಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಗ್ಯಾರೇಜಿನವರು ಕಂಪ್ಯೂಟರ್ ಜೋಡಿಸಿ ನೋಡಿದಾಗ, ಉಷ್ಣತೆ ಮಿತಿ ಮೀರಿದ ಮೇಲೂ ಎಂಜಿನ್ ಓಡಿದ್ದರ ದಾಖಲೆ ಅದರಲ್ಲಿ ಉಳಿದಿರಬಹುದು. ಪಂಪಿಗೆ ರಕ್ಷಣೆ ಇತ್ತು, ಅದು ಸಿಗುತ್ತದೆ. ಹೆಡ್ಡಿನ ಕೆಲಸಕ್ಕೆ, ಅಂದರೆ ಬಿಲ್ಲಿನ ಬಹುಪಾಲಿಗೆ, ಎಚ್ಚರಿಕೆಯ ದೀಪವನ್ನು ಕಡೆಗಣಿಸಿ ಓಡಿಸಿದ್ದೀರಿ ಎಂಬ ಕಾರಣಕ್ಕೆ ತಿರಸ್ಕಾರ. ಕರಾರಿನ ಪ್ರಕಾರ ಅದು ಸರಿಯೇ. ರಕ್ಷಣೆ ಇಲ್ಲದ ಭಾಗವೊಂದು ಕೆಟ್ಟು ರಕ್ಷಣೆ ಇರುವ ಭಾಗವನ್ನು ಹಾಳು ಮಾಡಿದರೂ ಇದೇ ಗತಿ: ತುಂಡಾದ ಹೋಸ್ ಪೈಪೊಂದು ಇಡೀ ಎಂಜಿನ್ನನ್ನು ನಿಮ್ಮ ಖರ್ಚಿಗೆ ತಂದು ನಿಲ್ಲಿಸಬಹುದು.

ಇನ್ನು ಉಳಿದ ತಿರಸ್ಕಾರಗಳು ಬೇಗ ಹೇಳಿ ಮುಗಿಸುವಂಥವು. ಸರ್ವಿಸ್ ತಪ್ಪಿಸಿದ್ದರೆ ಅಥವಾ ತಡವಾಗಿ ಮಾಡಿಸಿದ್ದರೆ. ವಾರಂಟಿ ಕೊಳ್ಳುವ ಮುಂಚೆಯೇ ದೋಷ ಇತ್ತು ಎಂದು ಕಂಡುಬಂದರೆ. ಹೊರಗಿನ ಗ್ಯಾಸ್ ಕಿಟ್, ಎಂಜಿನ್ ಶಕ್ತಿ ಏರಿಸುವ ಟ್ಯೂನಿಂಗ್, ತಂತಿ ಕತ್ತರಿಸಿ ಜೋಡಿಸಿದ ದೀಪಗಳು ಇದ್ದರೆ. ಕಾರನ್ನು ಬಾಡಿಗೆಗೆ ಬಿಟ್ಟಿದ್ದರೆ. ಎಂಜಿನ್ನಿಗೆ ನೀರು ನುಗ್ಗಿದರೆ, ಇಲಿ ತಂತಿ ಕಡಿದರೆ, ಅಪಘಾತವಾದರೆ. ಈ ಮೂರಕ್ಕೂ ಪರಿಹಾರ ಹುಡುಕಬೇಕಾದದ್ದು ವಿಮೆಯಲ್ಲಿ, ವಾರಂಟಿಯಲ್ಲಲ್ಲ. ವಿಮೆ ಹೊರಗಿನಿಂದ ಬಂದ ಏಟಿಗೆ, ವಾರಂಟಿ ಒಳಗಿನಿಂದ ಕೆಟ್ಟದ್ದಕ್ಕೆ. ಒಂದಿದ್ದರೆ ಇನ್ನೊಂದು ಬೇಡ ಎಂದು ತಿಳಿದವರು ಎರಡೂ ಕಡೆ ನಿರಾಶರಾಗುತ್ತಾರೆ.

## ಹಂತ 6: ಒಪ್ಪಿದ ಕ್ಲೇಮಿನಲ್ಲೂ ಎಷ್ಟು ಕಡಿತ?

ಕ್ಲೇಮು ಒಪ್ಪಿಗೆಯಾಯಿತು ಎಂದರೆ ಬಿಲ್ಲು ಪೂರ್ತಿ ತೀರಿತು ಎಂದಲ್ಲ. ನಾಲ್ಕು ಅಂಕಿಗಳನ್ನು ಕರಾರಿನಿಂದ ಹೆಕ್ಕಿ ಬರೆದುಕೊಳ್ಳಿ.

ಮೊದಲನೆಯದು ಪ್ರತಿ ಸಲ ನೀವು ಕೈಯಿಂದ ಕೊಡಬೇಕಾದ ಪಾಲು. ಇದು ಭೇಟಿಗೊಂದೋ, ರಿಪೇರಿಗೊಂದೋ ಎಂದು ಕೇಳಿ. ಒಂದೇ ಭೇಟಿಯಲ್ಲಿ ಮೂರು ಭಾಗ ಬದಲಾದರೆ ಮೂರು ಸಲ ಕೊಡಬೇಕಾದ ಕರಾರುಗಳಿವೆ. ಎರಡನೆಯದು ಗರಿಷ್ಠ ಮಿತಿ: ಒಂದು ಕ್ಲೇಮಿಗೆ ಎಷ್ಟು, ಒಟ್ಟು ಅವಧಿಗೆ ಎಷ್ಟು. ಕೆಲವೆಡೆ ಕಾರಿನ ಅಂದಿನ ಮಾರುಕಟ್ಟೆ ಬೆಲೆಯೇ ಮಿತಿ. ಮೂರನೆಯದು ಗಂಟೆಗೆ ಒಪ್ಪುವ ಕೂಲಿ. ನಿಮ್ಮ ಗ್ಯಾರೇಜು ಅದಕ್ಕಿಂತ ಹೆಚ್ಚು ಕೇಳಿದರೆ ವ್ಯತ್ಯಾಸ ನಿಮ್ಮದು. ನಾಲ್ಕನೆಯದು ದೋಷ ಪತ್ತೆಯ ಖರ್ಚು. ಗೇರ್‌ಬಾಕ್ಸ್ ಕೆಟ್ಟಿದೆ ಎಂದು ತೋರಿಸಲು ಅದನ್ನು ಇಳಿಸಿ ಬಿಚ್ಚಬೇಕು. ಬಿಚ್ಚುವುದಕ್ಕೆ ನಿಮ್ಮ ಒಪ್ಪಿಗೆ ಬೇಕು, ಬಿಚ್ಚಿದ ಮೇಲೆ ಕ್ಲೇಮು ತಿರಸ್ಕಾರವಾದರೆ ಆ ಕೂಲಿಯೂ ನಿಮ್ಮ ತಲೆಗೇ. ಚಿಕ್ಕ ಅಕ್ಷರಗಳಲ್ಲಿ ಅಡಗಿರುವ ಈ ಸಾಲನ್ನು ತಪ್ಪದೆ ಹುಡುಕಿ.

ಹೊಸ ಭಾಗವೇ ಹಾಕುತ್ತಾರೋ, ಬಳಸಿ ದುರಸ್ತಿ ಮಾಡಿದ್ದನ್ನು ಹಾಕುತ್ತಾರೋ, ಭಾಗದ ವಯಸ್ಸು ನೋಡಿ ಬೆಲೆಯಲ್ಲಿ ಕಳೆಯುತ್ತಾರೋ ಎಂಬುದನ್ನೂ ಕೇಳಿಬಿಡಿ. ಕೊಂಡ ದಿನದಿಂದ ಇಷ್ಟು ದಿನ ಕ್ಲೇಮು ಮಾಡುವಂತಿಲ್ಲ ಎಂಬ ಕಾಯುವ ಅವಧಿ ಇದ್ದರೆ, ಅಷ್ಟನ್ನು ಹಂತ 1ರ ತಿಂಗಳುಗಳಿಂದ ಕಳೆಯಿರಿ.

## ಹಂತ 7: ಈಗ ಬೆಲೆ, ಈಗ ಲೆಕ್ಕ

ವಾರಂಟಿಯ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ರಿಪೇರಿಗಳ ಬೆಲೆಯನ್ನೂ ಅದೇ ಅಳತೆಯಲ್ಲಿ ಬರೆಯಿರಿ. ಕೆಳಗಿನ ಅಂಕಿಗಳು ವಿಧಾನ ತೋರಿಸಲು ಊಹಿಸಿಕೊಂಡವು. ಮೆಕ್ಯಾನಿಕ್ ಕೊಟ್ಟ ಅಂದಾಜನ್ನು ನೀವು ಹಾಕಿಕೊಳ್ಳಿ.

ಗೇರ್‌ಬಾಕ್ಸ್ ರಿಪೇರಿ 400, ವಾರಂಟಿಯ ಅವಧಿಯಲ್ಲಿ ಅದು ಕೆಡುವ ಸಂಭವ ನೂರಕ್ಕೆ 5, ಗುಣಿಸಿದರೆ 20. ಸ್ಟಿಯರಿಂಗ್ ರ‍್ಯಾಕ್ 120, ಸಂಭವ ನೂರಕ್ಕೆ 5, ಅದು 6. ಎಸಿ ಕಂಪ್ರೆಸರ್ 90, ಸಂಭವ ನೂರಕ್ಕೆ 10, ಅದು 9. ಸಣ್ಣಪುಟ್ಟ ವಿದ್ಯುತ್ ದೋಷಗಳು 40, ಸಂಭವ ನೂರಕ್ಕೆ 25, ಅದು 10. ಎಲ್ಲ ಕೂಡಿಸಿದರೆ 45. ಅಂದರೆ 45ರ ನಿರೀಕ್ಷಿತ ಖರ್ಚಿನಿಂದ ತಪ್ಪಿಸಿಕೊಳ್ಳಲು ನೀವು 100 ಕೊಡುತ್ತಿದ್ದೀರಿ. ಹಂತ 6ರ ಕಡಿತಗಳನ್ನು ತೆಗೆದರೆ 45 ಇನ್ನೂ ಇಳಿಯುತ್ತದೆ. ಉಳಿದ ಐವತ್ತೈದು ಚಿಲ್ಲರೆ ನಿಶ್ಚಿಂತೆಯ ಬೆಲೆ.

ಅದೇ ಕಾರಿನ ಗೇರ್‌ಬಾಕ್ಸಿಗೆ ಕೆಟ್ಟ ಹೆಸರಿದ್ದು, ಸಂಭವ ನೂರಕ್ಕೆ 20 ಎಂದಾದರೆ? ಗೇರ್‌ಬಾಕ್ಸಿನ ಪಾಲೇ 80 ಆಗುತ್ತದೆ, ಒಟ್ಟು 105. ಈಗ ಅದೇ ಬೆಲೆಯ ಅದೇ ವಾರಂಟಿ ಕೊಳ್ಳತಕ್ಕದ್ದು. ಒಂದೇ ಒಂದು ಭಾಗದ ಚರಿತ್ರೆ ಇಡೀ ತೀರ್ಮಾನವನ್ನು ತಿರುಗಿಸಿತು. ಹಂತ 3ರಲ್ಲಿ ಮೆಕ್ಯಾನಿಕ್ ಜೊತೆ ಕಳೆದ ಅರ್ಧ ಗಂಟೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಸಂಭವದ ಅಂಕಿ ಯಾರಿಗೂ ಕರಾರುವಾಕ್ಕಾಗಿ ಸಿಗುವುದಿಲ್ಲ ಎಂದು ನೀವು ಆಕ್ಷೇಪಿಸಬಹುದು. ಸರಿ. ಅದಕ್ಕೇ ಲೆಕ್ಕವನ್ನು ಎರಡು ಸಲ ಮಾಡಿ, ಒಮ್ಮೆ ಆಶಾವಾದಿಯಾಗಿ, ಒಮ್ಮೆ ನಿರಾಶಾವಾದಿಯಾಗಿ. ಎರಡೂ ಸಲ ಉತ್ತರ 100ರ ಒಂದೇ ಬದಿಗೆ ಬಿದ್ದರೆ ತೀರ್ಮಾನ ಸುಲಭ.

ಎರಡು ಬದಿಗೆ ಬಿದ್ದರೆ ಕೊನೆಯ ಪ್ರಶ್ನೆ: ಪಟ್ಟಿಯ ಅತಿ ದೊಡ್ಡ ಬಿಲ್ಲು, ಆ 400, ನಾಳೆ ಬೆಳಿಗ್ಗೆ ಬಂದರೆ ಸಾಲ ಮಾಡದೆ ಕಟ್ಟಬಲ್ಲಿರಾ? ಕಟ್ಟಬಲ್ಲವರು ವಾರಂಟಿ ಬಿಡಬಹುದು. ಕಟ್ಟಲಾರದವರು, ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದವರು, ಲೆಕ್ಕ ಸ್ವಲ್ಪ ನಷ್ಟವೆಂದರೂ ಕೊಳ್ಳುವುದರಲ್ಲಿ ಅರ್ಥವಿದೆ. ಆದರೆ ಆ 400ರ ರಿಪೇರಿಗೆ ಕರಾರಿನಲ್ಲಿ ರಕ್ಷಣೆ ಇರಬೇಕು, ಗರಿಷ್ಠ ಮಿತಿ ಅದಕ್ಕಿಂತ ಮೇಲಿರಬೇಕು. ದೊಡ್ಡ ಬಿಲ್ಲನ್ನು ಹೊರಗಿಟ್ಟು ಸಣ್ಣ ಬಿಲ್ಲುಗಳನ್ನು ಕೊಡುವ ವಾರಂಟಿ ಯಾರಿಗೂ ಬೇಡ, ಎಷ್ಟೇ ಅಗ್ಗವಾಗಿರಲಿ.

ವಾರಂಟಿಯ ಹಣವನ್ನು ಕಾರಿನ ಸಾಲಕ್ಕೆ ಸೇರಿಸುತ್ತೇವೆ ಎಂದರೆ, ಅದಕ್ಕೂ ಸಾಲ ತೀರುವವರೆಗೆ ಬಡ್ಡಿ ಬೀಳುತ್ತದೆ. ಆಗ ಬೆಲೆ 100 ಅಲ್ಲ. ಬಡ್ಡಿ ಸೇರಿಸಿ ಲೆಕ್ಕವನ್ನು ಇನ್ನೊಮ್ಮೆ ಮಾಡಿ.

## ಹಂತ 8: ಕೊಳ್ಳುವುದೇ ಆದರೆ ಹೇಗೆ, ಯಾವಾಗ

ಹೊಸ ಕಾರಿನ ಕೀಲಿ ಕೈಗೆ ಬರುವ ದಿನ ಸಹಿ ಹಾಕಬೇಡಿ. ಅಂದು ಮನಸ್ಸು ಉದಾರವಾಗಿರುತ್ತದೆ; ಆ ಮೇಜಿನ ಆಚೆ ಕೂತವರಿಗೆ ಅದು ತಿಳಿದಿದೆ. ಅನೇಕ ತಯಾರಕರು ಮೂಲ ವಾರಂಟಿ ಜಾರಿಯಲ್ಲಿರುವವರೆಗೂ ವಿಸ್ತರಣೆ ಮಾರುತ್ತಾರೆ. ತಡವಾದಷ್ಟೂ ಬೆಲೆ ಏರಬಹುದು, ಕಾರಿನ ತಪಾಸಣೆ ಕೇಳಬಹುದು. ಯಾವ ದಿನಾಂಕಕ್ಕೆ ಬೆಲೆ ಏರುತ್ತದೆ ಎಂದು ಬರಹದಲ್ಲಿ ಪಡೆದು, ಅದಕ್ಕೆ ಒಂದು ತಿಂಗಳು ಮುಂಚೆ ಫೋನಿನಲ್ಲಿ ನೆನಪೋಲೆ ಹಾಕಿಕೊಳ್ಳಿ. ಅಷ್ಟರಲ್ಲಿ ನಿಮ್ಮ ಕಾರು ಎಂಥದು ಎಂಬ ಅಂದಾಜೂ ನಿಮಗೆ ಸಿಕ್ಕಿರುತ್ತದೆ.

ಬೆಲೆಯಲ್ಲಿ ಚೌಕಾಶಿ ನಡೆಯುತ್ತದೆ, ಏಕೆಂದರೆ ಅದರೊಳಗೆ ಕಮಿಷನ್ ಇದೆ. ಅದೇ ಯೋಜನೆಗೆ ಇನ್ನೊಬ್ಬ ಡೀಲರ್ ಬಳಿ ಬೆಲೆ ಕೇಳಿ. ಸರ್ವಿಸ್ ಪ್ಯಾಕೇಜು, ರಸ್ತೆಬದಿಯ ನೆರವು, ಬಣ್ಣದ ಲೇಪನ ಎಲ್ಲ ಒಟ್ಟಿಗೆ ಕಟ್ಟಿ ಒಂದೇ ಬೆಲೆ ಹೇಳಿದರೆ, ಬಿಡಿಸಿ ಬಿಡಿಸಿ ಬೆಲೆ ಬರೆಸಿ. ಬೇಡವೆನಿಸಿದರೆ ರದ್ದು ಮಾಡಲು ಎಷ್ಟು ದಿನ, ಮಧ್ಯದಲ್ಲಿ ರದ್ದು ಮಾಡಿದರೆ ಉಳಿದ ಅವಧಿಯ ಹಣ ಎಷ್ಟು ಬರುತ್ತದೆ ಎಂಬ ಷರತ್ತನ್ನು ಸಹಿಯ ಮುನ್ನ ಬೆರಳಿಟ್ಟು ತೋರಿಸುವಂತೆ ಕೇಳಿ.

## ಕಂಡೊಡನೆ ಎದ್ದು ಬರಬೇಕಾದ ಗುರುತುಗಳು

- "ನಿಮ್ಮ ವಾರಂಟಿ ಮುಗಿಯುತ್ತಿದೆ, ಇದು ಕೊನೆಯ ಎಚ್ಚರಿಕೆ" ಎಂದು ಅಪರಿಚಿತ ಕರೆ, ಜೊತೆಗೆ ಫೋನಿನಲ್ಲೇ ಕಾರ್ಡಿನ ಸಂಖ್ಯೆ ಕೇಳುವುದು.
- ಈ ಬೆಲೆ ಇವತ್ತಿಗೆ ಮಾತ್ರ ಎನ್ನುವುದು.
- "ಎಲ್ಲದಕ್ಕೂ ರಕ್ಷಣೆ ಇದೆ" ಎಂದು ಬಾಯಲ್ಲಿ ಹೇಳಿ, ಅದನ್ನೇ ಬರೆದುಕೊಡಿ ಎಂದರೆ ಮಾತು ತಿರುಗಿಸುವುದು.
- ವಾರಂಟಿ ಕೊಳ್ಳದಿದ್ದರೆ ಸಾಲ ಮಂಜೂರಾಗುವುದಿಲ್ಲ ಎನ್ನುವುದು. ಹಾಗೆಂದು ಸಾಲ ಕೊಡುವವರಿಂದಲೇ ಬರಹದಲ್ಲಿ ತರಿಸಲು ಹೇಳಿ, ಏನಾಗುತ್ತದೆ ನೋಡಿ.
- ಓಡೋಮೀಟರ್ ಅಂಕಿಯನ್ನಾಗಲಿ ಸರ್ವಿಸ್ ದಾಖಲೆಯನ್ನಾಗಲಿ ಕೇಳದೆಯೇ ಹಳೆಯ ಕಾರಿಗೆ ವಾರಂಟಿ ಕೊಡುವುದು. ಈಗ ಕೇಳದವರು ಕ್ಲೇಮಿನ ದಿನ ಎಲ್ಲವನ್ನೂ ಕೇಳುತ್ತಾರೆ.

## ಹಂತ 9: ತೀರ್ಮಾನವಾದ ಮೇಲೆ

ಕೊಂಡವರು ಮಾಡಬೇಕಾದದ್ದು: ಸರ್ವಿಸ್ ನಿಗದಿತ ದಿನ ಮತ್ತು ಕಿಲೋಮೀಟರಿನೊಳಗೆ ಆಗಬೇಕು. ಪ್ರತಿ ಬಿಲ್ಲಿನಲ್ಲೂ ದಿನಾಂಕ, ಓಡೋಮೀಟರ್ ಅಂಕಿ, ಹಾಕಿದ ಎಣ್ಣೆಯ ದರ್ಜೆ ಇರಬೇಕು. ಇಲ್ಲದಿದ್ದರೆ ಅಲ್ಲೇ ಬರೆಸಿ. ಬಿಲ್ಲುಗಳ ಫೋಟೊ ತೆಗೆದಿಡಿ, ಬಿಸಿಲಿಗೆ ಸಿಕ್ಕ ಬಿಲ್ಲಿನ ಅಕ್ಷರಗಳು ಬೇಗ ಅಳಿಸಿಹೋಗಬಹುದು. ಕೆಂಪು ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ, ಎಳೆದೊಯ್ಯುವ ವಾಹನ ಕರೆಸಿ. ವಾರಂಟಿಯವರ ಒಪ್ಪಿಗೆ ಬರುವ ಮುನ್ನ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚದಂತೆ ನೋಡಿಕೊಳ್ಳಿ. ಕ್ಲೇಮು ತಿರಸ್ಕಾರವಾದರೆ, ಯಾವ ಷರತ್ತಿನ ಯಾವ ಸಂಖ್ಯೆಯ ಅಡಿ ಎಂದು ಬರಹದಲ್ಲಿ ಕೇಳಿ. ಫೋನಿನಲ್ಲಿ ಬರುವ "ಆಗುವುದಿಲ್ಲ" ಕಾಗದದ ಮೇಲೆ ಬರೆಯಬೇಕಾದಾಗ ಕೆಲವೊಮ್ಮೆ ಸಡಿಲವಾಗುತ್ತದೆ.

ಬೇಡವೆಂದವರು ಮಾಡಬೇಕಾದದ್ದು ಎರಡೇ. ವಾರಂಟಿಗೆ ಕೊಡಬೇಕಿದ್ದ ಹಣವನ್ನು ತಿಂಗಳುಗಳಿಗೆ ಹಂಚಿ, ಬೇರೆಯೇ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಮನಸ್ಸಿನಲ್ಲಿ ಎತ್ತಿಟ್ಟ ಹಣ ಎತ್ತಿಟ್ಟ ಹಣವಲ್ಲ.

ಎರಡನೆಯದನ್ನು ವಾರಂಟಿ ಕೊಂಡವರೂ ಮಾಡಬೇಕು, ಆದರೆ ಬಹುತೇಕ ಯಾರೂ ಮಾಡುವುದಿಲ್ಲ. ಕಂಪನಿಯ ವಾರಂಟಿ ಮುಗಿಯಲು ಎರಡು ತಿಂಗಳೋ ಎರಡು ಸಾವಿರ ಕಿಲೋಮೀಟರೋ ಇರುವಾಗ ಕಾರನ್ನು ಹೊರಗಿನ ಮೆಕ್ಯಾನಿಕ್ ಬಳಿ ಒಯ್ದು ಲಿಫ್ಟಿಗೆ ಏರಿಸಿ, ಸೋರಿಕೆ, ಬೇರಿಂಗ್ ಶಬ್ದ, ಸ್ಟಿಯರಿಂಗಿನ ಸಡಿಲ, ಎಸಿಯ ತಂಪು, ಗೇರು ಬದಲಾಗುವಾಗಿನ ಕುಲುಕಾಟ ಎಲ್ಲವನ್ನೂ ಪರೀಕ್ಷೆ ಮಾಡಿಸಿ. ಸಿಕ್ಕ ದೂರುಗಳ ಪಟ್ಟಿ ಹಿಡಿದು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ, ಪ್ರತಿಯೊಂದನ್ನೂ ಜಾಬ್ ಕಾರ್ಡಿನಲ್ಲಿ (ಕಾರು ಒಪ್ಪಿಸುವಾಗ ದೂರು ಮತ್ತು ಕೆಲಸ ಬರೆಯುವ ಹಾಳೆಯಲ್ಲಿ) ನಿಮ್ಮ ಮಾತಿನಲ್ಲೇ ಬರೆಸಿ. "ಸಾಮಾನ್ಯ ತಪಾಸಣೆ" ಎಂದು ಒಂದೇ ಸಾಲು ಬರೆದುಕೊಟ್ಟರೆ ಒಪ್ಪಬೇಡಿ. ಅವರು ಇಂದು ಸರಿಪಡಿಸದೆ "ಇದು ಸಹಜ" ಎಂದು ಕಳುಹಿಸಿದರೂ, ದೂರು ವಾರಂಟಿಯ ಅವಧಿಯಲ್ಲೇ ದಾಖಲಾಗಿದೆ; ಅದೇ ಭಾಗ ಆರು ತಿಂಗಳ ನಂತರ ಕೆಟ್ಟರೆ ವಾದಿಸಲು ನಿಮ್ಮ ಕೈಯಲ್ಲಿ ದಿನಾಂಕವಿರುವ ಕಾಗದ ಇರುತ್ತದೆ. ಜಾಬ್ ಕಾರ್ಡಿನ ಪ್ರತಿ ಪಡೆಯದೆ ಕೀಲಿ ಕೊಡಬೇಡಿ.